ನೆಲದ ಮೇಲೆ ಹನಿಯಿಲ್ಲ, ಡಬ್ಬಿಯಲ್ಲಿ ಕೂಲೆಂಟ್ ನಿಲ್ಲುತ್ತಿಲ್ಲ

ಪ್ರಶ್ನೆ: ನನ್ನದು ಎರಡು ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ನಿನ, ಇನ್ನೂರಕ್ಕೂ ಹೆಚ್ಚು ಅಶ್ವಶಕ್ತಿಯ ಸೆಡಾನ್. ಐದು ವರ್ಷ ಹಳೆಯದು. ಕಳೆದ ಮಳೆಗಾಲದಿಂದ ಎರಡು ತಿಂಗಳಿಗೊಮ್ಮೆ ಡಬ್ಬಿಯಲ್ಲಿ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಮಟ್ಟ ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಇಳಿಯುತ್ತಿದೆ. ಕಾರು ನಿಲ್ಲಿಸುವ ಜಾಗದಲ್ಲಿ ಒಂದು ಹನಿಯೂ ಕಾಣುವುದಿಲ್ಲ, ಬಿಳಿ ಹೊಗೆ ಇಲ್ಲ, ತಾಪಮಾನದ ಮುಳ್ಳು ನಡುಗೆರೆಯನ್ನು ದಾಟಿದ್ದೇ ಇಲ್ಲ. ಶಿರಾಡಿ ಘಾಟಿ ಹತ್ತಿ ಸಕಲೇಶಪುರದಲ್ಲಿ ನಿಲ್ಲಿಸಿದಾಗ ಮಾತ್ರ ಬಾನೆಟ್ ಕಡೆಯಿಂದ ಸಿಹಿಯಾದ ವಾಸನೆ ಬರುತ್ತದೆ. ಸರ್ವಿಸ್ ಸೆಂಟರಿನವರು ‘ಆವಿಯಾಗುತ್ತದೆ, ಸಹಜ’ ಎಂದು ತುಂಬಿಸಿ ಕಳುಹಿಸುತ್ತಾರೆ. ಹೊರಗಿನ ಗ್ಯಾರೇಜಿನವರು ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲ್) ಹೋಗಿದೆ, ಹೆಡ್ ಬಿಚ್ಚಲೇಬೇಕು ಎನ್ನುತ್ತಾರೆ. ಕಳೆದ ವರ್ಷ ಇಸಿಯು ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ತಂತ್ರಾಂಶ ಬದಲಾವಣೆ) ಮಾಡಿಸಿದ್ದೇನೆ. ಯಾರ ಮಾತನ್ನು ನಂಬಲಿ?
– ಓದುಗರೊಬ್ಬರು, ಮಂಗಳೂರು

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡಿ. ಕೂಲೆಂಟ್ ವ್ಯವಸ್ಥೆ ಮುಚ್ಚಿದ ವ್ಯವಸ್ಥೆ. ಅದರ ಮುಚ್ಚಳ ಸುಮಾರು ಒಂದರಿಂದ ಒಂದೂವರೆ ಬಾರ್ ಒತ್ತಡದವರೆಗೆ ಏನನ್ನೂ ಹೊರಗೆ ಬಿಡುವುದಿಲ್ಲ. ವರ್ಷಕ್ಕೊಮ್ಮೆ ತುಸು ಸೇರಿಸಬೇಕಾಗಿ ಬಂದರೆ ಚಿಂತೆಯಿಲ್ಲ. ಎರಡು ತಿಂಗಳಿಗೊಮ್ಮೆ ಗೆರೆಯಿಂದ ಗೆರೆಗೆ ಇಳಿಯುವುದು ಸಹಜವಲ್ಲ, ಅದು ಸೋರಿಕೆಯೇ. ಹಾಗೆಂದು ಯಾವ ಪರೀಕ್ಷೆಯನ್ನೂ ಮಾಡದೆ ಹೆಡ್ ಬಿಚ್ಚಲು ಹೊರಡುವುದು ಇನ್ನೂ ದುಬಾರಿಯಾದ ಅವಸರ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಘಾಟಿ ಹತ್ತಿ ನಿಲ್ಲಿಸಿದ ಮೇಲೆ ಬರುವ ವಾಸನೆ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಬಿಸಿಯಾದ ಲೋಹಕ್ಕೆ ತಾಗಿದಾಗ ಬರುವ ವಾಸನೆ ಅದೇ. ಅಂದರೆ ದ್ರವದ ಕೊಂಚ ಭಾಗವಾದರೂ ಎಂಜಿನ್ನಿನ ಹೊರಗೇ ಬೀಳುತ್ತಿದೆ. ಟರ್ಬೊ ಪೆಟ್ರೋಲ್ ಎಂಜಿನ್ ಪೂರ್ಣ ಹೊರೆಯಲ್ಲಿ ಓಡುವಾಗ ಟರ್ಬೊದೊಳಕ್ಕೆ (ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ನೂಕುವ ಭಾಗ) ಹೋಗುವ ಹೊಗೆಯ ಶಾಖ 900 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಎಂಜಿನ್ ಆಫ್ ಮಾಡಿದೊಡನೆ ಮುಖ್ಯ ವಾಟರ್ ಪಂಪ್ ನಿಲ್ಲುತ್ತದೆ, ಆದರೆ ಕಾದ ಲೋಹ ತನ್ನ ಶಾಖವನ್ನು ನಿಂತ ಕೂಲೆಂಟಿಗೆ ಬಿಟ್ಟುಕೊಡುತ್ತಲೇ ಇರುತ್ತದೆ. ಆಗ ವ್ಯವಸ್ಥೆಯ ಒತ್ತಡ ಓಡುವಾಗ ಇದ್ದುದಕ್ಕಿಂತಲೂ ಮೇಲೇರಬಹುದು. ಇದಕ್ಕೆಂದೇ ಅನೇಕ ಕಾರುಗಳಲ್ಲಿ ಎಂಜಿನ್ ನಿಂತ ಮೇಲೂ ಕೆಲ ನಿಮಿಷ ತಿರುಗುವ ಸಣ್ಣ ವಿದ್ಯುತ್ ಪಂಪ್ ಇಟ್ಟಿರುತ್ತಾರೆ. ಸಾಧಾರಣ ಓಡಾಟದಲ್ಲಿ ಬಾಯಿ ಬಿಡದ ಒಂದು ಸೀಲ್, ಘಾಟಿ ಹತ್ತಿ ನಿಂತ ಆ ಕೆಲವು ನಿಮಿಷಗಳಲ್ಲಿ ಮಾತ್ರ ಜಿನುಗುತ್ತದೆ. ಜಿನುಗಿದ್ದು ಬಿಸಿಗೆ ಅಲ್ಲೇ ಇಂಗಿಹೋಗುತ್ತದೆ. ಉಳಿದ ಒಂದೆರಡು ಹನಿ ಬಿದ್ದರೂ ಎಂಜಿನ್ ಅಡಿಯ ಪ್ಲಾಸ್ಟಿಕ್ ತಟ್ಟೆ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ನಿಮ್ಮ ಪಾರ್ಕಿಂಗ್ ನೆಲ ಒಣಗಿರುವುದಕ್ಕೆ ಇಷ್ಟೇ ಕಾರಣವಿರಬಹುದು.

ಆದ್ದರಿಂದ ಮೊದಲ ಕೆಲಸ ಆ ತಟ್ಟೆಯನ್ನು ಬಿಚ್ಚಿಸಿ ನೋಡುವುದು. ಒಣಗಿದ ಕೂಲೆಂಟ್ ಗುರುತು ಬಿಡದೆ ಹೋಗುವುದಿಲ್ಲ: ಬಿಳಿಯ ಅಥವಾ ಕೂಲೆಂಟಿನದೇ ಬಣ್ಣದ, ಉಗುರಿನಿಂದ ಕೆರೆದರೆ ಪುಡಿಯಾಗುವ ಹಕ್ಕಳೆ ಅದು. ಈಚಿನ ಟರ್ಬೊ ಎಂಜಿನ್ನುಗಳಲ್ಲಿ ನಾನು ಮೊದಲು ಸಂಶಯಪಡುವುದು ಥರ್ಮೋಸ್ಟಾಟ್ (ಶಾಖಕ್ಕೆ ತಕ್ಕಂತೆ ಕೂಲೆಂಟಿನ ದಾರಿ ತೆರೆಯುವ ಕವಾಟ) ಮತ್ತು ವಾಟರ್ ಪಂಪ್ ಕೂಡಿಕೊಂಡಿರುವ ಪ್ಲಾಸ್ಟಿಕ್ ಹೌಸಿಂಗನ್ನು. ಅಲ್ಯೂಮಿನಿಯಂ ಬ್ಲಾಕಿಗೆ ಬೋಲ್ಟ್ ಮಾಡಿದ ಈ ಪ್ಲಾಸ್ಟಿಕ್ ವರ್ಷಗಟ್ಟಲೆ ಕಾದು ತಣಿದು ಸೊಟ್ಟಗಾಗುತ್ತದೆ, ರಬ್ಬರ್ ಸೀಲ್ ಗಟ್ಟಿಯಾಗುತ್ತದೆ. ಕೆಲವು ಎಂಜಿನ್ನುಗಳಲ್ಲಿ ಇದು ಎಂಜಿನ್ನಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿನ ಅಡಿಯಲ್ಲಿ ಅಡಗಿ ಕುಳಿತಿರುತ್ತದೆ. ಮೇಲಿನಿಂದ ಬಗ್ಗಿ ನೋಡಿದರೆ ಕಾಣದು. ಹಿಡಿಕೆಯಿರುವ ಸಣ್ಣ ಕನ್ನಡಿಯನ್ನೋ ಫೋನಿನ ಕ್ಯಾಮೆರಾವನ್ನೋ ಕೆಳಗೆ ತೂರಿಸಬೇಕು. ಅಲ್ಲಿ ಯಾವ ಗುರುತೂ ಇಲ್ಲದಿದ್ದರೆ ಟರ್ಬೊಗೆ ಹೋಗುವ ಕೂಲೆಂಟ್ ಪೈಪುಗಳ ತಿರುಪು ಮತ್ತು ವಾಷರ್, ರೇಡಿಯೇಟರಿನ ಅಲ್ಯೂಮಿನಿಯಂ ಭಾಗಕ್ಕೆ ಪ್ಲಾಸ್ಟಿಕ್ ತೊಟ್ಟಿಯನ್ನು ಮಡಿಚಿ ಕೂರಿಸಿದ ಅಂಚು, ಹೋಸ್ ಕ್ಲ್ಯಾಂಪುಗಳು, ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಇವನ್ನೆಲ್ಲ ಮುಟ್ಟಿ ನೋಡಿಸಿ. ಕಾರ್ಪೆಟ್ ಅಂಟಂಟಾಗಿದ್ದರೆ ಹೀಟರ್ ಕೋರ್ (ಕ್ಯಾಬಿನ್ ಬೆಚ್ಚಗಾಗಿಸುವ ಸಣ್ಣ ರೇಡಿಯೇಟರ್) ಸೋರುತ್ತಿದೆ ಎಂದರ್ಥ.

ಕಣ್ಣಿಗೆ ಏನೂ ಸಿಗದಿದ್ದರೆ ಪ್ರೆಶರ್ ಟೆಸ್ಟ್ ಮಾಡಿಸಿ. ಡಬ್ಬಿಯ ಬಾಯಿಗೆ ಕೈಪಂಪನ್ನು ಜೋಡಿಸಿ ಮುಚ್ಚಳದ ಮೇಲೆ ನಮೂದಿಸಿದಷ್ಟೇ ಒತ್ತಡ ಕೊಟ್ಟು, ಅರ್ಧ ಗಂಟೆಯಾದರೂ ಪಂಪಿನ ಮುಳ್ಳು ಇಳಿಯುತ್ತದೆಯೇ ಎಂದು ಗಮನಿಸಬೇಕು. ಐದು ನಿಮಿಷ ನೋಡಿ ‘ಓಕೆ’ ಎನ್ನುವ ಪರೀಕ್ಷೆಯಿಂದ ಪ್ರಯೋಜನವಿಲ್ಲ. ಇನ್ನೂ ಒಂದು ಸಂಗತಿಯನ್ನು ಬಹಳ ಗ್ಯಾರೇಜುಗಳು ಕಡೆಗಣಿಸುತ್ತವೆ: ಕೆಲವು ಸೋರಿಕೆಗಳು ತಣ್ಣಗಿದ್ದಾಗ ಮಾತ್ರ ತೆರೆದುಕೊಂಡು ಲೋಹ ಹಿಗ್ಗಿದಾಗ ಮುಚ್ಚಿಕೊಳ್ಳುತ್ತವೆ, ಇನ್ನು ಕೆಲವು ಅದಕ್ಕೆ ತದ್ವಿರುದ್ಧ. ಹಾಗಾಗಿ ರಾತ್ರಿಯೆಲ್ಲ ನಿಂತು ತಣಿದ ಕಾರಿಗೊಮ್ಮೆ, ಬೆಚ್ಚಗಿರುವ ಕಾರಿಗೊಮ್ಮೆ ಪರೀಕ್ಷೆ ಆಗಬೇಕು. ಬಿಸಿ ಎಂಜಿನ್ನಿನ ಮುಚ್ಚಳವನ್ನು ಮಾತ್ರ ಯಾರೂ ತೆರೆಯಕೂಡದು. ಒತ್ತಡ ಇಳಿದೊಡನೆ ಒಳಗಿನ ದ್ರವ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮುಚ್ಚಳವನ್ನೂ ಬೇರೆಯಾಗಿ ಪರೀಕ್ಷಿಸಲು ಹೇಳಿ. ಅದರ ಸ್ಪ್ರಿಂಗ್ ಸೋತಿದ್ದರೆ ಉಳಿದ ಭಾಗವೆಲ್ಲ ಚೆನ್ನಾಗಿದ್ದರೂ ಆವಿ ಹೊರಹೋಗುತ್ತದೆ, ಮತ್ತು ಈ ಎಲ್ಲ ಬಿಡಿಭಾಗಗಳಲ್ಲಿ ಅಗ್ಗವಾದದ್ದು ಅದೇ. ಕೂಲೆಂಟಿಗೆ ಹೊಳೆಯುವ ಡೈ ಬೆರೆಸಿ, ಒಂದು ವಾರ ಓಡಿಸಿ, ಅಲ್ಟ್ರಾವಯಲೆಟ್ ಟಾರ್ಚಿನಲ್ಲಿ ನೋಡುವುದೂ ಒಳ್ಳೆಯ ಉಪಾಯ.

ಹೆಡ್ ಗ್ಯಾಸ್ಕೆಟ್ ಸಂಶಯವನ್ನು ಹೆಡ್ ಬಿಚ್ಚದೆಯೇ ಬಹುಮಟ್ಟಿಗೆ ಪರಿಹರಿಸಿಕೊಳ್ಳಬಹುದು. ಡಬ್ಬಿಯೊಳಗಿನ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಎಳೆಯುವ ಪರೀಕ್ಷೆಯೊಂದಿದೆ. ಎಂಜಿನ್ನಿನ ಹೊಗೆ ಕೂಲೆಂಟಿಗೆ ಸೇರುತ್ತಿದ್ದರೆ ಆ ನೀಲಿ ಹಳದಿಗೆ ತಿರುಗುತ್ತದೆ. ಮನೆಯಲ್ಲೇ ಮಾಡಬಹುದಾದದ್ದು ಇನ್ನೊಂದು: ಬೆಳಿಗ್ಗೆ ಪೂರ್ತಿ ತಣ್ಣಗಿರುವಾಗ ಮುಚ್ಚಳವನ್ನು ಒಮ್ಮೆ ತೆಗೆದು ಮತ್ತೆ ಬಿಗಿಯಾಗಿ ಮುಚ್ಚಿ, ಎಂಜಿನ್ ಚಾಲೂ ಮಾಡಿ. ಕೂಲೆಂಟ್ ಇನ್ನೂ ಬಿಸಿಯಾಗದ ಮೊದಲ ಒಂದೆರಡು ನಿಮಿಷದಲ್ಲೇ ರೇಡಿಯೇಟರಿನ ಮೇಲಿನ ಹೋಸ್ ಹಿಂಡಲಾಗದಷ್ಟು ಬಿಗಿದುಕೊಂಡರೆ ಅದು ಶಾಖದ ಒತ್ತಡವಲ್ಲ, ಸಿಲಿಂಡರಿನಿಂದ ನುಗ್ಗುತ್ತಿರುವ ಅನಿಲ. ಆಗ ಸ್ಪಾರ್ಕ್ ಪ್ಲಗ್ ತೆಗೆಸಿ ಬೋರ್‌ಸ್ಕೋಪ್ (ತೆಳು ನಳಿಕೆಯ ಕ್ಯಾಮೆರಾ) ಇಳಿಸಬೇಕು. ಮೂರು ಪಿಸ್ಟನ್ನುಗಳ ನೆತ್ತಿ ಕಪ್ಪಾಗಿದ್ದು ಒಂದು ಮಾತ್ರ ತೊಳೆದಿಟ್ಟಂತೆ ಬೆಳ್ಳಗಿದ್ದರೆ ಆ ಸಿಲಿಂಡರ್ ಕೂಲೆಂಟ್ ಕುಡಿಯುತ್ತಿದೆ. ಆಗಲೂ ಗ್ಯಾಸ್ಕೆಟ್ ಒಂದೇ ಆರೋಪಿಯಲ್ಲ. ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್, ಹೊರಗಿನ ಗಾಳಿಯ ಬದಲು ಕೂಲೆಂಟಿನಿಂದ ತಣಿಯುವ ಬಗೆಯದಾಗಿದ್ದರೆ ಅದರೊಳಗಿನ ಬಿರುಕಿನಿಂದಲೂ ದ್ರವ ನೇರವಾಗಿ ಎಂಜಿನ್ನಿಗೆ ಹೋಗಬಲ್ಲದು. ಆಯಿಲ್ ಮುಚ್ಚಳದಡಿ ಹಾಲಿನ ಕೆನೆಯಂಥದ್ದು ಕಂಡರೆ ಗಾಬರಿಯಾಗಬೇಡಿ. ಮಳೆಗಾಲದಲ್ಲಿ ಸಣ್ಣ ಸಣ್ಣ ಓಡಾಟವೇ ಹೆಚ್ಚಿದ್ದರೆ ಬರಿಯ ತೇವವೂ ಹಾಗೆ ಕಟ್ಟಿಕೊಳ್ಳುತ್ತದೆ. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ಕಿನಲ್ಲೂ ಅದೇ ಬಣ್ಣವಿದ್ದರೆ ಮಾತ್ರ ಕಾರನ್ನು ಅಲ್ಲೇ ನಿಲ್ಲಿಸಿ.

ರೀಮ್ಯಾಪ್ ವಿಷಯವನ್ನು ಮೆಕ್ಯಾನಿಕ್‌ಗೆ ಮುಚ್ಚಿಡಬೇಡಿ. ಟರ್ಬೊ ಒತ್ತಡ ಹೆಚ್ಚಿದಷ್ಟೂ ಹೆಡ್ಡನ್ನು ಮೇಲೆತ್ತಲು ನೋಡುವ ಬಲವೂ, ತಣಿಸಬೇಕಾದ ಶಾಖವೂ ಹೆಚ್ಚುತ್ತವೆ. ಕಾರಣ ಸಿಗುವವರೆಗೆ ಕಂಪನಿಯ ಮೂಲ ಮ್ಯಾಪಿಗೆ ಮರಳುವುದು ಜಾಣತನ. ಹಾಗೆಯೇ ತಾಪಮಾನದ ಮುಳ್ಳನ್ನು ಅಷ್ಟು ನಂಬಬೇಡಿ. ಈಚಿನ ಅನೇಕ ಕಾರುಗಳಲ್ಲಿ ಕೂಲೆಂಟಿನ ಶಾಖ ಸಾಕಷ್ಟು ಏರಿಳಿದರೂ ಚಾಲಕನಿಗೆ ಕಿರಿಕಿರಿಯಾಗದಿರಲೆಂದು ಮುಳ್ಳು 90 ಡಿಗ್ರಿಯಲ್ಲೇ ನಿಲ್ಲುವಂತೆ ಮಾಡಿರುತ್ತಾರೆ. ಕಾರಿನ ದೋಷ ಓದಲೆಂದು ಇರುವ ಓಬಿಡಿ ಪೋರ್ಟಿಗೆ ಸಿಕ್ಕಿಸುವ ಸಣ್ಣ ಸಾಧನವೊಂದು ನಿಜವಾದ ಅಂಕಿಯನ್ನು ಫೋನಿನಲ್ಲಿ ತೋರಿಸುತ್ತದೆ. ಮಟ್ಟವನ್ನು ವಾರಕ್ಕೊಮ್ಮೆ, ಸಮತಟ್ಟಾದ ಒಂದೇ ಜಾಗದಲ್ಲಿ, ಬೆಳಿಗ್ಗೆ ತಣ್ಣಗಿರುವಾಗ ನೋಡಿ ಕಿಲೋಮೀಟರಿನೊಂದಿಗೆ ಬರೆದಿಡಿ. ‘ಸಹಜ’ ಎನ್ನುವ ಸರ್ವಿಸ್ ಸೆಂಟರಿನ ಮುಂದೆ ಆ ಚೀಟಿ ಇಟ್ಟು, ಪರೀಕ್ಷೆ ಮಾಡಿದ ವಿವರವನ್ನು ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಿ. ವಾರಂಟಿ ಮುಗಿಯದಿದ್ದರೆ ಇದು ಇನ್ನೂ ಮುಖ್ಯ.

ಪ್ರಶ್ನೆ: ಕೂಲೆಂಟ್ ಪೂರ್ತಿ ಬದಲಾಯಿಸಿದ ನಾಲ್ಕೇ ದಿನದಲ್ಲಿ ಮಟ್ಟ ಇಳಿದಿದೆ. ಇದೂ ಸೋರಿಕೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಆಗಿರಲಿಕ್ಕಿಲ್ಲ. ತುಂಬುವಾಗ ಒಳಗೆ ಸಿಕ್ಕಿಕೊಂಡ ಗಾಳಿ ಓಡಾಟದಲ್ಲಿ ಹೊರಬಂದು ಆ ಜಾಗಕ್ಕೆ ಕೂಲೆಂಟ್ ಇಳಿದಿರುತ್ತದೆ. ಒಮ್ಮೆ ತುಂಬಿಸಿ, ಆಮೇಲೆ ಮಟ್ಟ ನಿಂತರೆ ಸರಿ, ಮತ್ತೆ ಇಳಿದರೆ ಮೇಲಿನ ಉತ್ತರ ನಿಮಗೂ ಅನ್ವಯಿಸುತ್ತದೆ.

ಪ್ರಶ್ನೆ: ತುರ್ತಿಗೆ ಬೋರ್‌ವೆಲ್ ನೀರು ಹಾಕಬಹುದೇ? ಸೋರಿಕೆ ನಿಲ್ಲಿಸುವ ಪುಡಿ, ದ್ರವಗಳು ಕೆಲಸ ಮಾಡುತ್ತವೆಯೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ನಡುದಾರಿಯಲ್ಲಿ ಸಿಕ್ಕಿಬಿದ್ದರೆ ಎಂಜಿನ್ ಪೂರ್ತಿ ತಣಿದ ಮೇಲೆ ಯಾವ ನೀರಾದರೂ ಸರಿ, ಊರು ಸೇರಿದ ಮೇಲೆ ತೆಗೆಸಿಬಿಡಿ. ಗಡಸು ನೀರಿನ ಸುಣ್ಣ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಕಾರಿನಲ್ಲಿ ಒಂದು ಲೀಟರ್ ಡಿಸ್ಟಿಲ್ಡ್ ವಾಟರ್ ಇಟ್ಟುಕೊಂಡರೆ ಈ ಪ್ರಶ್ನೆಯೇ ಬರುವುದಿಲ್ಲ. ಬಣ್ಣ ಹೊಂದುತ್ತದೆಂದು ಬೇರೆ ಕೂಲೆಂಟ್ ಬೆರೆಸಬೇಡಿ. ಬಣ್ಣಕ್ಕೆ ಯಾವ ಏಕರೂಪದ ನಿಯಮವೂ ಇಲ್ಲ, ಮ್ಯಾನ್ಯುಯಲ್‌ನಲ್ಲಿ ಹೇಳಿದ ದರ್ಜೆಯನ್ನೇ ನೋಡಿ ಕೊಳ್ಳಿ. ಸೋರಿಕೆ ತಡೆಯುವ ಪುಡಿಗಳನ್ನು ಟರ್ಬೊ ಕಾರಿನಲ್ಲಿ ನಾನು ಸರ್ವಥಾ ಒಪ್ಪುವುದಿಲ್ಲ: ಅವು ತೂತನ್ನು ಮುಚ್ಚುವಂತೆಯೇ ಹೀಟರ್ ಕೋರಿನ, ಟರ್ಬೊದ ಕಿರಿದಾದ ದಾರಿಗಳನ್ನೂ ಮುಚ್ಚಬಲ್ಲವು. ತೆಗೆಸಿದ ಹಳೆಯ ಕೂಲೆಂಟನ್ನು ಅಂಗಳದಲ್ಲಿ ಚೆಲ್ಲಬೇಡಿ. ರುಚಿಗೆ ಸಿಹಿಯಾಗಿರುವುದರಿಂದ ನಾಯಿ ಬೆಕ್ಕುಗಳು ನೆಕ್ಕುತ್ತವೆ, ಸ್ವಲ್ಪ ಹೊಟ್ಟೆಗೆ ಹೋದರೂ ಅವುಗಳ ಮೂತ್ರಪಿಂಡ ಕೆಡುತ್ತದೆ. ಮುಚ್ಚಿದ ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೇ ಒಪ್ಪಿಸಿ.