ನಿಮಿರುವಿಕೆಗೆ ತಗೊಂಡ 50 ಎಂಜಿ ಸಿಲ್ಡೆನಾಫಿಲ್ ಕೆಲಸ ಮಾಡಲಿಲ್ಲ, ಮನೆಯಲ್ಲಿ ಹೇಳದೆ 100 ತಗೊಳ್ಳಬಹುದಾ?

ವಯಸ್ಸು 52, ಬಿಪಿ ಮಾತ್ರೆ ನಡೀತಿದೆ, ಡಾಕ್ಟರ್ ಹತ್ರ ಹೋಗೋಕೆ ಸಂಕೋಚ ಅಂದಿದ್ದೀರಿ. ಆ ಸಂಕೋಚ ದಾಟಿ ಬಂದವನು ನಾನೂ. ಫಾರ್ಮಸಿಸ್ಟ್ ಆಗಿ ಹೇಳ್ತೀನಿ, ನಿಮ್ಮ ವಿಷಯದಲ್ಲಿ ಅಪಾಯ ಇರೋದು 100ರಲ್ಲಿ ಮಾತ್ರ ಅಲ್ಲ, ಮುಚ್ಚಿಡೋದರಲ್ಲೂ.

ಮನೆಯ ಔಷಧಿ ಡಬ್ಬಿಯಲ್ಲಿ ಸಾರ್ಬಿಟ್ರೇಟ್ ಇದೆಯಾ ನೋಡಿ. ಎದೆನೋವಿಗೆ ನಾಲಿಗೆ ಕೆಳಗೆ ಇಡೋ ಸಣ್ಣ ಮಾತ್ರೆ, ನೈಟ್ರೇಟ್ ಜಾತಿಯದು. ನೈಟ್ರೇಟ್ ನಮ್ಮ ರಕ್ತನಾಳದಲ್ಲಿ ಸಿಜಿಎಂಪಿ ಅನ್ನೋ ವಸ್ತು ಹೆಚ್ಚಿಸಿ ನಾಳ ಸಡಿಲಿಸುತ್ತೆ. ಸಿಲ್ಡೆನಾಫಿಲ್ ಅದೇ ವಸ್ತು ಒಡೆದುಹೋಗದಂತೆ ತಡೆಯುತ್ತೆ. ಎರಡೂ ಸೇರಿದರೆ ಬಿಪಿ ಏಕಾಏಕಿ ಕುಸಿದು ಪ್ರಾಣಕ್ಕೇ ಅಪಾಯ ಬರಬಹುದು. ಎದೆನೋವಿಗೇ ಕೊಡೋ ಮಾನೊಟ್ರೇಟ್, ನಿಕೊರಾಂಡಿಲ್ ಕೂಡ ಹಾಗೆಯೇ. ‘ನಾನು ಹಾರ್ಟ್ ಪೇಷೆಂಟ್ ಅಲ್ಲವಲ್ಲ’ ಅನ್ನಬೇಡಿ. ರಾತ್ರಿ ನಿಮಗೆ ಎದೆನೋವು ಬಂದರೆ, ಏನೂ ಗೊತ್ತಿಲ್ಲದ ನಿಮ್ಮ ಮನೆಯವರು ಗಾಬರಿಯಲ್ಲಿ ಮಾವನವರ ಸಾರ್ಬಿಟ್ರೇಟನ್ನೇ ನಿಮ್ಮ ಬಾಯಿಗಿಡ್ತಾರೆ. ಹೇಳದಿದ್ದರೆ ಆಸ್ಪತ್ರೆಯಲ್ಲೂ ಅದನ್ನೇ ಕೊಡಬಹುದು. ಸಿಲ್ಡೆನಾಫಿಲ್ ತಗೊಂಡು 24 ಗಂಟೆ, ಅದೇ ಜಾತಿಯ ಟಡಾಲಾಫಿಲ್ ಆದರೆ 48 ಗಂಟೆ ನೈಟ್ರೇಟ್ ಮುಟ್ಟಬಾರದು. ಎದೆನೋವು ಬಂದರೆ 108ಕ್ಕೆ ಫೋನ್ ಮಾಡಿ, ಯಾವ ಮಾತ್ರೆ, ಎಷ್ಟು ಹೊತ್ತಿಗೆ ತಗೊಂಡಿರಿ ಅಂತ ಮೊದಲೇ ಹೇಳಿ. ಇಷ್ಟನ್ನು ನಿಮ್ಮ ಮನೆಯವರಿಗೆ ಇವತ್ತೇ ತಿಳಿಸಿ.

ಇನ್ನು 50 ಯಾಕೆ ಹಿಡಿಯಲಿಲ್ಲ? ಬಿರಿಯಾನಿ ಉಂಡ ಕೂಡಲೇ ನುಂಗಿದೆ ಅಂದಿದ್ದೀರಿ. ಜಿಡ್ಡಿನ ಊಟದ ಮೇಲೆ ಅದು ರಕ್ತಕ್ಕೆ ಸೇರೋದು ಸುಮಾರು ಒಂದು ಗಂಟೆ ತಡ, ಪ್ರಮಾಣವೂ ಕಡಿಮೆ. ಹಗುರವಾಗಿ ಉಂಡು, ಒಂದು ಗಂಟೆ ಮುಂಚೆ ತಗೊಳ್ಳಿ, ದಿನಕ್ಕೆ ಒಂದೇ ಸಲ. ಆಸೆ, ಸ್ಪರ್ಶ ಇಲ್ಲದೆ ಮಾತ್ರೆ ತಾನಾಗಿ ಏನೂ ಮಾಡಲ್ಲ. ಕುಡಿದಿದ್ದರೆ ಆ ದಿನ ಬೇಡ.

ಆದರೆ ಇದೂ ಡಾಕ್ಟರ್ ನೋಡಿದ ಮೇಲೆ. ಬಿಪಿಗೆ ಪ್ರಾಜೋಸಿನ್, ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ಇದ್ದರೆ ಸಾಮಾನ್ಯವಾಗಿ 25ರಿಂದಲೇ ಶುರು ಮಾಡಿಸ್ತಾರೆ. ಡಾಕ್ಟರ್ ಹತ್ರ ಹೋಗೋಕೆ ಇನ್ನೊಂದು ಕಾರಣ: ಶಿಶ್ನದ ರಕ್ತನಾಳ 1–2 ಮಿಮೀ, ಹೃದಯದ್ದು 3–4 ಮಿಮೀ. ಕೊಬ್ಬು ಕಟ್ಟಿದರೆ ಸಣ್ಣದರಲ್ಲೇ ಮೊದಲು ಗೊತ್ತಾಗುತ್ತೆ, ಎದೆನೋವು ವರ್ಷಗಳ ನಂತರ ಬರಬಹುದು. ಹಾಗಾಗಿ ಸಕ್ಕರೆ, ಲಿಪಿಡ್ (ರಕ್ತದ ಕೊಬ್ಬು), ಬೆಳಗಿನ ಹೊತ್ತಿನ ಟೆಸ್ಟೋಸ್ಟೆರಾನ್ ಟೆಸ್ಟ್ ಮಾಡಿಸಿ. ಎರಡು ಮಹಡಿ ಹತ್ತೋಷ್ಟರಲ್ಲಿ ಎದೆ ಹಿಡಿದರೆ ಡಾಕ್ಟರ್ ನೋಡೋವರೆಗೆ ಮಾತ್ರೆಯೇ ಬೇಡ.

ನಿಮಿರುವಿಕೆ 4 ಗಂಟೆ ಕಳೆದರೂ ಇಳಿಯದಿದ್ದರೆ, ಒಂದು ಕಣ್ಣು ಮಬ್ಬಾದರೆ, ಕಿವಿ ಥಟ್ಟನೆ ಕೇಳಿಸದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಕ್ಯಾಶುವಾಲ್ಟಿಗೆ ಹೋಗಿ.