ಕೆಟಲ್ ಗ್ರಿಲ್ಲಿನ ತಳಕ್ಕೆ ಇನ್ನಷ್ಟು ಗಾಳಿಕಿಂಡಿ ಕೊರೆಸಬೇಕೇ?

ನಿಮ್ಮ ಕೆಟಲ್ ಗ್ರಿಲ್ಲಿನಲ್ಲಿ, ಎಂದರೆ ಗುಂಡನೆಯ ಬೋಗುಣಿಗೆ ಕಾಲೂ ಗುಮ್ಮಟದಂಥ ಮುಚ್ಚಳವೂ ಇರುವ ಇದ್ದಿಲ ಒಲೆಯಲ್ಲಿ, ಕೆಂಡ ಮುಕ್ಕಾಲು ಗಂಟೆಯಲ್ಲೇ ಮಂಕಾಗುತ್ತದೆ, ಆದ್ದರಿಂದ ಬೋಗುಣಿಯ ಸುತ್ತ ಅರ್ಧ ಇಂಚಿನ ತೂತುಗಳನ್ನು ಕೊರೆಸಿ, ಮುಚ್ಚಳಕ್ಕೆ ಥರ್ಮಾಮೀಟರ್ ಕೂರಿಸಿ, ಹಳೆಯ ಕಂಪ್ಯೂಟರಿನ ಫ್ಯಾನನ್ನೂ ಜೋಡಿಸಬೇಕೆಂದಿದ್ದೀರಿ. ಶಿರಾದಲ್ಲಿ ಆಗದಿದ್ದರೆ ತುಮಕೂರಿನಲ್ಲಿ ಇದನ್ನು ಯಾರು ಮಾಡಿಕೊಡುತ್ತಾರೆ ಎಂದು ಕೇಳಿದ್ದೀರಿ. ವರ್ಕ್‌ಶಾಪಿನ ವಿಳಾಸವನ್ನು ನಾನು ಕೊಡುವುದಿಲ್ಲ. ಇದೇ ಅಳತೆಯ ತೂತುಗಳನ್ನು ಇದೇ ಕಾರಣಕ್ಕಾಗಿ ಕೊರೆಸಿ, ಒಂದು ಒಳ್ಳೆಯ ಗ್ರಿಲ್ಲನ್ನು ಗುಜರಿಗೆ ತೂಕಕ್ಕೆ ಹಾಕಿದವನು ನಾನು.

ನನ್ನದು 57 ಸೆಂಟಿಮೀಟರ್ ಅಗಲದ, ಒಳಗೂ ಹೊರಗೂ ಎನಾಮೆಲ್ ಲೇಪನವಿದ್ದ ಗ್ರಿಲ್. ತುಮಕೂರಿನ ನಮ್ಮ ಮನೆಯ ತಾರಸಿಯ ಮೇಲೆ ಅದನ್ನು ಇಟ್ಟಿದ್ದೆ. ಇದ್ದಿಲನ್ನು ತಿಪಟೂರು ಕಡೆಯಿಂದ ತರಿಸುತ್ತಿದ್ದೆ. ಕೊಬ್ಬರಿಯ ಊರಿನಲ್ಲಿ ತೆಂಗಿನ ಚಿಪ್ಪಿಗೆ ಬರವಿಲ್ಲ, ಅದನ್ನು ಸುಟ್ಟು ಮಾಡಿದ ಇದ್ದಿಲು ಗಟ್ಟಿಯಾಗಿರುತ್ತದೆ, ಹೊಗೆ ಕಡಿಮೆ, ಕಾವು ಜೋರು. ಆದರೆ ಅದರ ತುಂಡುಗಳು ಚಿಕ್ಕವು ಮತ್ತು ಚಪ್ಪಟೆ, ಮೂಟೆಯ ತಳದಲ್ಲಿ ಪುಡಿಯೂ ಬಹಳ. ಆ ಪುಡಿಯೂ ಬೂದಿಯೂ ಇದ್ದಿಲ ಜಾಲರಿಯ ಸಂದಿನಿಂದ ಕೆಳಗಿಳಿದು ಬೋಗುಣಿಯ ತಳದ ಗಾಳಿಕಿಂಡಿಯ ಮೇಲೆ ಹಾಸಿಗೆಯಂತೆ ಕೂರುತ್ತಿದ್ದವು. ನಾನು ಜಾಲರಿಯ ಮೇಲಿನ ಕೆಂಡವನ್ನು ನೋಡುತ್ತಿದ್ದೆನೇ ಹೊರತು ಅದರ ಕೆಳಗೆ ಏನಾಗಿದೆ ಎಂದು ಬಗ್ಗಿ ನೋಡಿರಲಿಲ್ಲ.

ಕೆಂಡ ಸಾಯುತ್ತಿದೆ ಎಂದರೆ ಗಾಳಿ ಸಾಲದು ಎಂದು ತಿಳಿದದ್ದು ಸರಿಯಾಗಿತ್ತು. ಗಾಳಿ ಸಾಲದು ಎಂದರೆ ಕಿಂಡಿ ಸಾಲದು ಎಂದು ತಿಳಿದದ್ದೇ ತಪ್ಪಾಯಿತು. ಇದ್ದ ಕಿಂಡಿ ಕಟ್ಟಿಕೊಂಡಿದೆಯೇ ಎಂದು ನೋಡಲು ಒಂದು ಕಡ್ಡಿ ಸಾಕಾಗುತ್ತಿತ್ತು. ನಾನು ಬೋಗುಣಿಯನ್ನು ಕಾಲಿನಿಂದ ಬಿಡಿಸಿ, ಕಾರಿನ ಹಿಂದೆ ಹಾಕಿಕೊಂಡು ವರ್ಕ್‌ಶಾಪಿಗೆ ಹೋದೆ. ಅಲ್ಲಿದ್ದ ಹುಡುಗ ಬೋಗುಣಿಯನ್ನು ಉಗುರಿನಿಂದ ತಟ್ಟಿ ನೋಡಿ, “ಇದು ಗಾಜಿನ ಕೋಟಿಂಗು ಸಾರ್, ಡ್ರಿಲ್ ಬಿಟ್ ಇಟ್ರೆ ಚಕ್ಕೆ ಏಳುತ್ತೆ” ಎಂದು ಎಚ್ಚರಿಸಿದ. ಪರವಾಗಿಲ್ಲ ಎಂದು ನಾನೇ ಹೇಳಿ ಆರು ತೂತು ಕೊರೆಸಿಕೊಂಡೆ.

ಆ ಹುಡುಗ ಹೇಳಿದ್ದು ಅಕ್ಷರಶಃ ನಿಜ. ಎನಾಮೆಲ್ ಎಂಬುದು ಬಣ್ಣವಲ್ಲ. ಗಾಜಿನ ಪುಡಿಯನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿ ಉಕ್ಕಿನ ಮೇಲೆ ಕೂರಿಸಿದ ಪದರ. ಕಾರ್ಖಾನೆಯಲ್ಲಿ ಕಿಂಡಿಗಳನ್ನು ಮೊದಲೇ ಕತ್ತರಿಸಿ ಆಮೇಲೆ ಲೇಪನ ಮಾಡುವುದರಿಂದ ಅವುಗಳ ಅಂಚಿನ ಮೇಲೂ ಗಾಜು ಇರುತ್ತದೆ. ನಾವು ಕೊರೆದ ತೂತಿನ ಅಂಚಿನಲ್ಲಿ ಬೆತ್ತಲೆ ಉಕ್ಕು ಉಳಿಯುತ್ತದೆ. ಅದರ ಸುತ್ತಲಿನ ಗಾಜು ನಕ್ಷತ್ರದ ಹಾಗೆ ಬಿರಿದಿತ್ತು. ಹಸ್ತ, ಚಿತ್ತೆಯ ಮಳೆ ಬರುವ ಹೊತ್ತಿಗೆ ತುಕ್ಕು ಆ ಬಿರುಕುಗಳ ಒಳಗಿನಿಂದಲೇ ಹರಡಿತು. ಬೂದಿಯು ತೇವವನ್ನು ಹಿಡಿದಿಡುವುದರಿಂದ ತಳ ಇನ್ನೂ ಬೇಗ ತಿಂದುಹೋಯಿತು. ಒಂದು ದಿನ ಕಾಲು ಜೋಡಿಸುವ ಜಾಗವೇ ಕಿತ್ತು ಬಂದಿತು.

ತುಕ್ಕಿಗಿಂತ ದೊಡ್ಡ ನಷ್ಟ ಬೇರೆಯೇ ಇತ್ತು. ಅರ್ಧ ಇಂಚಿನ ಆರು ತೂತುಗಳೆಂದರೆ ಒಟ್ಟು ಏಳೂವರೆ ಚದರ ಸೆಂಟಿಮೀಟರಿನಷ್ಟು ತೆರಪು. 120 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ನಿಧಾನವಾಗಿ ಬೇಯಿಸುವಾಗ ತಳದ ಕಿಂಡಿಯನ್ನು ಬಹುತೇಕ ಮುಚ್ಚಿ ಒಂದು ಸಂದನ್ನಷ್ಟೇ ಬಿಡಬೇಕಾಗುತ್ತದೆ. ನನ್ನ ತೂತುಗಳಿಗೆ ಮುಚ್ಚಳವೇ ಇರಲಿಲ್ಲ, ಮೇಲಾಗಿ ಅವು ಬೂದಿಯ ಮಟ್ಟಕ್ಕಿಂತ ಮೇಲಿದ್ದುದರಿಂದ ಎಂದೂ ಕಟ್ಟಿಕೊಳ್ಳುತ್ತಿರಲಿಲ್ಲ. ಹೊಸತೊಡಕಿಗೆ ಬೀಗರನ್ನು ಕರೆದು ಕುರಿಯ ತೊಡೆಯನ್ನು ಇಟ್ಟ ದಿನ ಮುಚ್ಚಳದ ಥರ್ಮಾಮೀಟರಿನ ಮುಳ್ಳು 250ನ್ನು ದಾಟಿತು. ತೊಡೆ ಹೊರಗೆ ಕರಿಕಾಗಿ, ಮೂಳೆಯ ಬಳಿ ಹಸಿಯಾಗಿಯೇ ಉಳಿಯಿತು. ಬೀಗರು ಮಾತಾಡದೆ ಮುದ್ದೆಯನ್ನು ಸಾರಿನಲ್ಲಿ ಅದ್ದಿಕೊಂಡು ಉಂಡರು.

ಮೊದಲೆಲ್ಲ ಅಡುಗೆ ಮುಗಿದ ಮೇಲೆ ಮೇಲಿನ ಮತ್ತು ಕೆಳಗಿನ ಕಿಂಡಿಗಳನ್ನು ಮುಚ್ಚಿದರೆ ಕೆಂಡ ಉಸಿರುಕಟ್ಟಿ ಆರಿ, ಉಳಿದ ಇದ್ದಿಲು ಮುಂದಿನ ವಾರಕ್ಕೆ ಸಿಗುತ್ತಿತ್ತು. ತೂತು ಕೊರೆದ ಮೇಲೆ ಬೆಳಗ್ಗೆ ಬರೀ ಬೂದಿ. ಒಂದು ಕಿಲೋ ಇಂಗಾಲ ಪೂರ್ತಿ ಉರಿಯಲು ಸುಮಾರು ಹನ್ನೊಂದೂವರೆ ಕಿಲೋ ಗಾಳಿ ಬೇಕು. ಅಷ್ಟು ಗಾಳಿಯನ್ನು ಎಷ್ಟು ಹೊತ್ತಿನಲ್ಲಿ ಒಳಗೆ ಬಿಡುತ್ತೀರಿ ಎಂಬುದೇ ಈ ಗ್ರಿಲ್ಲಿನ ಇಡೀ ವಿದ್ಯೆ. 1952ರಲ್ಲಿ ಅಮೆರಿಕದ ಶಿಕಾಗೋ ಬಳಿ ಜಾರ್ಜ್ ಸ್ಟೀಫನ್ ಎಂಬಾತ, ತಾನು ಕೆಲಸ ಮಾಡುತ್ತಿದ್ದ ವೆಬರ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ತೇಲುಬುರುಡೆಯ (ಗುರುತಿಗಾಗಿ ನೀರಿನ ಮೇಲೆ ತೇಲಿಬಿಡುವ ಲೋಹದ ಗೋಳ, ಬೋಯ್) ಅರ್ಧಗೋಳಕ್ಕೆ ಕಾಲು ಮತ್ತು ಮುಚ್ಚಳ ಹಾಕಿ ಮೊದಲ ಕೆಟಲ್ ಗ್ರಿಲ್ಲನ್ನು ಮಾಡಿದ. ಅಂದಿನ ತೆರೆದ ಒಲೆಗಳಲ್ಲಿ ಇಲ್ಲದೆ ಇದರಲ್ಲಿ ಇದ್ದದ್ದು ಮುಚ್ಚುವ ಶಕ್ತಿ ಒಂದೇ. ನಾನು ದುಡ್ಡು ಕೊಟ್ಟು ತೆಗೆಸಿದ್ದು ಅದನ್ನೇ.

ಇದನ್ನು ನನಗೆ ಬಿಡಿಸಿ ಹೇಳಿದವರು ಇದ್ದಿಲು ಕೊಡುತ್ತಿದ್ದ ಯಜಮಾನರು. ಅವರು ಚಿಪ್ಪಿಗೆ ಬೆಂಕಿ ಹತ್ತಿಸಿ, ಉರಿ ಹಿಡಿದ ಮೇಲೆ ಡ್ರಮ್ಮಿನ ಬಾಯಿ ಮುಚ್ಚಿ ಸಂದುಗಳಿಗೆಲ್ಲ ಹಸಿಮಣ್ಣು ಮೆತ್ತುತ್ತಾರೆ. ನನ್ನ ದೂರನ್ನು ಕೇಳಿ, “ಸೂಜಿ ತೂರುವಷ್ಟು ಸಂದಿದ್ರೂ ನಮಗೆ ಬೆಳಗ್ಗೆ ಬೂದಿನೇ ಸಿಗೋದು, ನೀವು ಆರು ತೂತು ಮಾಡಿಸಿದ್ದೀರಲ್ಲ ಸ್ವಾಮಿ” ಎಂದು ನಕ್ಕರು.

ಆದ್ದರಿಂದ ನನ್ನ ಅಭಿಪ್ರಾಯ ಒಂದೇ: ತೂತು ಬೇಡದ ಮಾರ್ಪಾಡುಗಳನ್ನು ಧಾರಾಳವಾಗಿ ಮಾಡಿಕೊಳ್ಳಿ, ತೂತು ಬೇಡುವುದನ್ನು ಮಾಡಿಸಬೇಡಿ. ನಿಮ್ಮ ಕೆಂಡದ ಸಮಸ್ಯೆಗೆ ಇನ್ನೊಂದು ಇದ್ದಿಲ ಜಾಲರಿಯನ್ನು ತಂದು, ಮೊದಲನೆಯದರ ಮೇಲೆ ಸರಳುಗಳು ಅಡ್ಡಡ್ಡ ಬರುವಂತೆ ಇಡಿ; ಸಂದುಗಳು ಚಿಕ್ಕ ಚೌಕಗಳಾಗಿ ತುಂಡುಗಳು ಉದುರುವುದು ನಿಲ್ಲುತ್ತದೆ. ಇದ್ದಿಲನ್ನು ಮೊದಲೇ ಜರಡಿ ಹಿಡಿದು ಪುಡಿಯನ್ನು ಬೇರೆ ಮಾಡಿ. ಅಡುಗೆಯ ನಡುವೆ ತಳದ ಕಿಂಡಿಯ ಹಿಡಿಯನ್ನು ಆಗಾಗ ಆ ಕಡೆ ಈ ಕಡೆ ಆಡಿಸಿ ಬೂದಿ ಉದುರಿಸಿ. ಹತ್ತರಲ್ಲಿ ಒಂಬತ್ತು ಪಾಲು ನಿಮ್ಮ ತೊಂದರೆ ಇಲ್ಲಿಗೇ ಮುಗಿಯುತ್ತದೆ ಎಂದು ನಾನು ಪಂದ್ಯ ಕಟ್ಟುತ್ತೇನೆ.

ದುಡ್ಡು ಖರ್ಚು ಮಾಡಲೇಬೇಕೆಂದಿದ್ದರೆ ಕೆಂಡವನ್ನು ಒಂದು ಬದಿಗೆ ಒತ್ತರಿಸಿಡುವ ಬುಟ್ಟಿಯನ್ನು ಸ್ಟೇನ್‌ಲೆಸ್ ಸ್ಟೀಲ್ ಮೆಶ್‌ನಲ್ಲಿ ಮಾಡಿಸಿ. 304 ದರ್ಜೆಯದನ್ನು ಕೇಳಿ. ಆಯಸ್ಕಾಂತ ಅಂಟುವುದಿಲ್ಲ ನೋಡಿ ಎಂದು ಅಂಗಡಿಯವರು ತೋರಿಸುವ ಪರೀಕ್ಷೆಯನ್ನು ನೆಚ್ಚಬೇಡಿ. ಅಗ್ಗದ 202 ದರ್ಜೆಯದಕ್ಕೂ ಅದು ಸಾಮಾನ್ಯವಾಗಿ ಅಂಟುವುದಿಲ್ಲ. ಸತುವು ಲೇಪಿಸಿದ ಜಿ.ಐ. ಶೀಟನ್ನೋ ಜಿ.ಐ. ಜಾಲರಿಯನ್ನೋ ಬೆಂಕಿಯ ಹತ್ತಿರಕ್ಕೂ ತರಬೇಡಿ. ಅದರ ಮೇಲಿನ ಸತುವು 420 ಡಿಗ್ರಿಯ ಹತ್ತಿರ ಕರಗುತ್ತದೆ, ಇದ್ದಿಲಿನ ಕೆಂಡ 700ನ್ನು ಸಲೀಸಾಗಿ ದಾಟುತ್ತದೆ. ಸತುವಿನ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುವುದನ್ನು ಯಾವ ವೆಲ್ಡಿಂಗ್ ಅಂಗಡಿಯವರನ್ನು ಕೇಳಿದರೂ ಹೇಳುತ್ತಾರೆ.

ಮುಚ್ಚಳಕ್ಕೆ ಥರ್ಮಾಮೀಟರ್ ಕೂರಿಸುವುದೂ ವ್ಯರ್ಥವೇ. ಅದು ಗುಮ್ಮಟದ ಕೆಳಗಿನ ಗಾಳಿಯ ಶಾಖವನ್ನು ತೋರಿಸುತ್ತದೆ, ಮಾಂಸ ಇರುವುದು ಅಡುಗೆಯ ಜಾಲರಿಯ ಮೇಲೆ. ಶಾಖ ಅಳೆಯುವ ಕೆ-ಟೈಪ್ ಥರ್ಮೋಕಪಲ್ಲಿನ ತಂತಿ ತೆಳ್ಳಗಿರುತ್ತದೆ. ಮೇಲಿನ ಕಿಂಡಿಯಿಂದ ಇಳಿಬಿಟ್ಟು ಆ ಜಾಲರಿಯ ಮಟ್ಟದಲ್ಲಿ ನಿಲ್ಲಿಸಿದರೆ ಸಾಕು, ಅದನ್ನು ಓದುವ ಮಲ್ಟಿಮೀಟರ್ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳಲ್ಲಿ ಸಿಗುತ್ತದೆ. ಫ್ಯಾನಿನ ವಿಚಾರದಲ್ಲಿ ಇಷ್ಟೇ ಹೇಳುತ್ತೇನೆ: ಬೇರೆ ಎಲ್ಲ ಸಂದುಗಳನ್ನು ಬಿಗಿಯಾಗಿ ಮುಚ್ಚಿದ ಗ್ರಿಲ್ಲಿಗೆ ಮಾತ್ರ ಅದರಿಂದ ಉಪಯೋಗವಿದೆ.

ಮಳೆ ಬಂದರೆ ಗ್ರಿಲ್ಲನ್ನು ತಾರಸಿಯ ಮೆಟ್ಟಿಲ ಕೋಣೆಯೊಳಗೆ ಎಳೆದುಕೊಳ್ಳುತ್ತೇನೆ ಎಂದೂ ಬರೆದಿದ್ದೀರಿ. ದಯವಿಟ್ಟು ಬೇಡ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬಾಗಿಲು ತೆರೆದಿದೆ ಎಂಬ ಧೈರ್ಯದ ಮೇಲೆ ಆ ಕೆಲಸ ಮಾಡಬಾರದು.

ಈಗಾಗಲೇ ಕೊರೆಸಿಬಿಟ್ಟಿದ್ದರೆ ತುಕ್ಕು ಹತ್ತುವ ಮೊದಲೇ ಪ್ರತಿ ತೂತಿಗೂ ಸ್ಟೇನ್‌ಲೆಸ್ ಬೋಲ್ಟ್ ಹಾಕಿ, ಒಳಗೂ ಹೊರಗೂ ಅಗಲವಾದ ವಾಷರ್ ಕೊಟ್ಟು, ನಟ್ಟನ್ನು ಮೆಲ್ಲಗೆ ಬಿಗಿಯಿರಿ. ಜೋರು ಮಾಡಿದರೆ ಗಾಜು ಮತ್ತೆ ಬಿರಿಯುತ್ತದೆ. ಆಮೇಲೆ ಒಂದು ಬೊಗಸೆ ಇದ್ದಿಲು ಹೊತ್ತಿಸಿ, ಅದು ಬೆಳ್ಳಗಾದಾಗ ಎಲ್ಲ ಕಿಂಡಿಗಳನ್ನೂ ಮುಚ್ಚಿ ಬೆಳಗ್ಗೆ ತೆರೆದು ನೋಡಿ. ಕಪ್ಪು ತುಂಡುಗಳು ಉಳಿದಿದ್ದರೆ ಗ್ರಿಲ್ ಇನ್ನೂ ಕೆಲಸಕ್ಕೆ ಬರುತ್ತದೆ. ಬೂದಿಯಷ್ಟೇ ಇದ್ದರೆ ಇನ್ನೊಂದು ವಾಷರ್ ಹಾಕಿ ಮತ್ತೆ ಪರೀಕ್ಷಿಸಿ.