ಅಪ್ಪನ ಕ್ವಾಲಿಸ್ ಮಾರಬೇಕಾ ಅಂತ ಕೇಳಿದ ತೀರ್ಥಹಳ್ಳಿ ಅಣ್ಣನಿಗೆ

ನಮಸ್ಕಾರ ಅಣ್ಣಾ. ಅಪ್ಪ ತಂದ 2003ರ ಟೊಯೊಟಾ ಕ್ವಾಲಿಸ್ ಗಾಡಿ, ಮೂರು ಲಕ್ಷ ಕಿಲೋಮೀಟರ್ ದಾಟಿದೆ, ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡಲಾ ಅಂತ ಕೇಳಿದ್ದೀರಿ. ಇಪ್ಪತ್ತು ವರ್ಷದಿಂದ ಹೊಸ ಗಾಡಿ ತಗೊಳ್ಳದ ನಮ್ಮಂಥವರು ಕಂಪನಿಗೆ ಯಾವ ಲೆಕ್ಕ ಅಂತಲೂ ಬರೆದಿದ್ದೀರಿ. ಮೇಲೆ ಒಬ್ಬರು ‘ಗುಜರಿಗೆ ಹಾಕಿ’ ಅಂದಿದ್ದನ್ನೂ ನೋಡಿದೆ. ನನ್ನದು 2002ರದ್ದು, ಹೊಸನಗರದ ಹತ್ತಿರ ತೋಟದ ಮನೆಯಲ್ಲಿ ಇನ್ನೂ ದುಡಿಯುತ್ತಿದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲು ನಾವು ಕಂಪನಿಗೆ ಯಾವ ಲೆಕ್ಕ ಅನ್ನೋ ಮಾತು. 2000ದಲ್ಲಿ ಕ್ವಾಲಿಸ್ ಬಂದಾಗ ಅದರ ರೂಪ ನೋಡಿ ನಕ್ಕವರೇ ಜಾಸ್ತಿ. ಇಂಡೋನೇಷ್ಯಾದ ಹಳೇ ಕಿಜಾಂಗ್ ಗಾಡಿಯನ್ನೇ ಬಿಡದಿಯಲ್ಲಿ ಕಟ್ಟಿ ಮಾರುತ್ತಿದ್ದಾರೆ ಅಂತ ಮಾತಿತ್ತು. ಟೊಯೊಟಾ ಅನ್ನೋ ಹೆಸರು ನಮ್ಮ ಕಡೆ ಆಗ ಯಾರಿಗೆ ಗೊತ್ತಿತ್ತು ಮಾರಾಯ್ರೆ? ಹೆಸರು ಮಾಡಿಕೊಟ್ಟವರು ಬಾಡಿಗೆ ಡ್ರೈವರುಗಳು. ದಿಬ್ಬಣದವರನ್ನು ತುಂಬಿಕೊಂಡು, ಟರ್ಬೋ ಇಲ್ಲದ ಆ 2.4 ಲೀಟರ್ ಡೀಸೆಲ್ ಇಂಜಿನ್‌ನಲ್ಲಿ ಆಗುಂಬೆಯ ಹದಿನಾಲ್ಕು ತಿರುವು ಹತ್ತಿಸಿದವರು. 2005ರಲ್ಲಿ, ಇನ್ನೂ ಚೆನ್ನಾಗಿ ಮಾರಾಟ ಆಗುತ್ತಿದ್ದಾಗಲೇ, ಅದನ್ನು ನಿಲ್ಲಿಸಿ ಇನ್ನೋವಾ ತಂದರು. ಇನ್ನೋವಾ ದುಡ್ಡು ಜಾಸ್ತಿಯೇ. ಆದರೂ ಜನ ಕೊಟ್ಟರು ಅಂದರೆ ಅದು ಕ್ವಾಲಿಸ್ ಓಡಿಸಿದವರ ಬಾಯಿಮಾತಿನ ಬಲ.

ಕಳೆದ ವರ್ಷ ಸಾಗರದ ಅಡಿಕೆ ಮಂಡಿ ಹೊರಗೆ ಒಬ್ಬರು ನನ್ನ ಗಾಡಿಗೆ ಒಂದು ಸುತ್ತು ಬಂದರು. ಬಾನೆಟ್ ಮೇಲೆ ಕೈಯಿಟ್ಟು, “ಇಂಜಿನ್ ಬಿಚ್ಚಿದ್ದೀರಾ?” ಅಂದರು. ಇಲ್ಲ ಅಂದೆ. “ಕ್ಲಚ್ ಎಷ್ಟು ಸಲ?” ಮೂರು ಅಂದೆ. ಅಷ್ಟೇ ಮಾತು, ನಂಬರ್ ತಗೊಂಡು ಹೋದರು. ಎರಡು ತಿಂಗಳಿಗೆ ಫೋನ್ ಬಂತು, ಮಗನಿಗೆ ಅದೇ ಕಂಪನಿಯ ಹೊಸ ಗಾಡಿ ತಗೊಂಡೆ ಅಂತ. ನನಗೆ ಕಂಪನಿಯಿಂದ ಒಂದು ಲೋಟ ಚಹಾನೂ ಬರಲಿಲ್ಲ ಬಿಡಿ.

ಹೊಗಳಿಕೆ ಒಂದೇ ಅಲ್ಲ, ಬೈಗುಳಕ್ಕೂ ಬೆಲೆ ಇದೆ. ಟಾಟಾದವರು 1998ರ ಕೊನೆಗೆ ಇಂಡಿಕಾ ಕಾರನ್ನು ಮಾರುಕಟ್ಟೆಗೆ ತಂದರು. ಮೊದಲು ತಗೊಂಡವರ ದೂರು ಒಂದೆರಡಲ್ಲ. ಅದನ್ನೆಲ್ಲ ಕೇಳಿಸಿಕೊಂಡು, ತಿದ್ದಿ, 2001ರಲ್ಲಿ ವಿ2 ಅನ್ನೋ ತಿದ್ದಿದ ಇಂಡಿಕಾ ಬಿಟ್ಟರು. ಗಾಡಿಯ ಹಣೆಬರಹವೇ ಬದಲಾಯಿತು.

ಆದರೆ ನಮ್ಮ ಮಾತಿಗೆ ತೂಕ ಇರಬೇಕಾದರೆ ಪೂರ್ತಿ ಹೇಳಬೇಕು. ಆ ಮಂಡಿಯವರಿಗೆ ನಾನು ಕ್ಲಚ್ ಲೆಕ್ಕ ಕೊಟ್ಟೆ, ತುಕ್ಕಿನ ಸುದ್ದಿ ಎತ್ತಲೇ ಇಲ್ಲ. ಅದು ಗಾಡಿಯ ತಪ್ಪಲ್ಲ, ನನ್ನದೇ. ಒಂದು ಮಳೆಗಾಲದಲ್ಲಿ ಯೂರಿಯಾ ಚೀಲ ಹಿಂದೆ ಹಾಕಿಕೊಂಡು ಬಂದು, ಎರಡು ದಿನ ಇಳಿಸದೆ ಬಿಟ್ಟೆ. ಒದ್ದೆಯಾಗಿ ಸೋರಿತ್ತು. ಮೇಲೆ ಒರೆಸಿ ಸುಮ್ನಾದೆ, ಮ್ಯಾಟ್ ಎತ್ತಲಿಲ್ಲ. ಎರಡು ವರ್ಷ ಬಿಟ್ಟು ಸ್ಕ್ರೂಡ್ರೈವರ್ ಒತ್ತಿದರೆ ತಗಡು ಹಪ್ಪಳದ ಹಾಗೆ ಮುರಿದು ಅಂಗಳದ ಮಣ್ಣು ಕಂಡಿತು! ಟಿಂಕರಿಂಗ್‌ಗೆ ಕೊಟ್ಟ ದುಡ್ಡು ಇಂಜಿನ್‌ಗೂ ಕೊಟ್ಟಿಲ್ಲ.

ಅದಕ್ಕೇ ಮಾರುವ ಯೋಚನೆಗೆ ಮೊದಲು ಮ್ಯಾಟ್ ಎಲ್ಲ ಎತ್ತಿಸಿ. ಹಿಂದಿನ ಪಟ್ಟಾ ಸ್ಪ್ರಿಂಗ್ ಚಾಸಿಗೆ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ, ಕೂರುವ ಜಾಗದಲ್ಲಿ ಸಣ್ಣ ಸುತ್ತಿಗೆಯಿಂದ ಬಡಿದು ನೋಡಿ. ಟಣ್ ಅಂದರೆ ಸರಿ, ಬೊದ್ದು ಸದ್ದು ಬಂದರೆ ಮೆಕ್ಯಾನಿಕ್‌ಗೆ ತೋರಿಸಿ. ಚಾಸಿಯನ್ನೇ ತುಕ್ಕು ತಿಂದಿದ್ದರೆ ಮಾರಿಬಿಡಿ, ನಾನೂ ಬೇಡ ಅನ್ನಲ್ಲ. ಬರೀ ನೆಲದ ತಗಡಾದರೆ ಇಟ್ಟುಕೊಳ್ಳಿ. ಇಂಜಿನ್‌ನ ಟೈಮಿಂಗ್ ಬೆಲ್ಟ್ ಕೊನೆಯ ಸಲ ಯಾವಾಗ ಹಾಕಿದ್ದು ಅಂತ ಅಪ್ಪನನ್ನು ಕೇಳಿ. ಲಕ್ಷ ಕಿಲೋಮೀಟರ್‌ಗೆ ಒಂದು ಬೆಲ್ಟ್ ಅಂತ ಇಟ್ಟುಕೊಳ್ಳಿ, ನೆನಪಿಲ್ಲ ಅಂದರೆ ಈಗಲೇ ಹಾಕಿಸಿ. ಅದು ತುಂಡಾದರೆ ಇಂಜಿನ್ ಕೆಲಸವೇ.

ಕಾಗದದ್ದು ಹೇಳಿಬಿಡುತ್ತೇನೆ. 15 ವರ್ಷ ಆದ ಮೇಲೆ ಆರ್‌ಸಿ (ಗಾಡಿಯ ನೋಂದಣಿ ಪತ್ರ) ಐದೈದು ವರ್ಷಕ್ಕೆ ನವೀಕರಣ. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ ಆ ಶುಲ್ಕ 10,000 ರೂಪಾಯಿ, ಹಸಿರು ತೆರಿಗೆ ಬೇರೆ. ಹತ್ತು ವರ್ಷದ ಡೀಸೆಲ್ ಗಾಡಿ ಓಡಿಸಬಾರದು ಅಂತ ಹೆದರಿಸುತ್ತಾರಲ್ಲ, ಅದು ದೆಹಲಿ ಸುತ್ತಮುತ್ತಲಿನ ಗಲಾಟೆ, ನಮ್ಮದಲ್ಲ.

ಇನ್ನೊಂದು. ಪಾರ್ಟನ್ನು ಕೊನೆಗೆ ಶಿವಮೊಗ್ಗದ ಯಾವ ಅಂಗಡಿಯಿಂದಲೇ ತನ್ನಿ, ಮೊದಲು ಒಂದು ಸಲ ಕಂಪನಿ ಕೌಂಟರ್‌ನಲ್ಲಿ ಪಾರ್ಟ್ ನಂಬರ್ ಕೊಟ್ಟು ಕೇಳಿ, ಬರೆಸಿ. ಕೇಳುವವರೇ ಇಲ್ಲದ ಸಾಮಾನನ್ನು ಯಾರು ಮಾಡುತ್ತಾರೆ? ಟೊಯೊಟಾ 2020ರಿಂದ ಹಳೇ ಸುಪ್ರಾ ಸ್ಪೋರ್ಟ್ಸ್ ಕಾರಿನ ನಿಂತುಹೋದ ಪಾರ್ಟುಗಳನ್ನು ಮತ್ತೆ ಮಾಡಿಸುತ್ತಿದೆ, ಆಮೇಲೆ 40 ಸರಣಿಯ ಲ್ಯಾಂಡ್ ಕ್ರೂಸರ್‌ಗೂ ಶುರು ಮಾಡಿತು. ಆ ಗಾಡಿಗಳನ್ನು ಬಿಡದೆ ಇಟ್ಟುಕೊಂಡವರು ಇದ್ದಾರೆ ಅಂತ ತಾನೆ? ನಮ್ಮ ಕ್ವಾಲಿಸ್‌ಗೆ ಅಂಥ ಮರ್ಯಾದೆ ಸಿಗುತ್ತೆ ಅಂತ ನಾನೇನೂ ಕಾದು ಕೂತಿಲ್ಲ. ಆದರೂ ಕೇಳುವುದು ಬಿಟ್ಟಿಲ್ಲ.

ನಾಳೆ ಬೆಳಕಿದ್ದಾಗ ಹಿಂದಿನ ಮ್ಯಾಟ್ ಎತ್ತಿ ಎರಡು ಫೋಟೋ ಹಾಕಿ. ಚಾಸಿದೂ ಒಂದು. ನೋಡಿ ಹೇಳೋಣ.